ಮೂವತ್ತು ವರ್ಷ ತಪ್ಪದ ಕೈ

ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಎಂಬ ನಿಯಮವನ್ನು ಯಾರು ಮಾಡಿದರೋ ಗೊತ್ತಿಲ್ಲ, ನಾನು ಅದನ್ನು ಒಪ್ಪುವುದಿಲ್ಲ. ಸತ್ತವರಿಗೆ ಅದರಿಂದ ಏನೂ ಸಿಗುವುದಿಲ್ಲ. ಅವರಿಂದ ಪೆಟ್ಟು ತಿಂದವರಿಗೆ ಇನ್ನೊಂದು ಪೆಟ್ಟು ಬೀಳುತ್ತದೆ, ಅಷ್ಟೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಪೊಲೀಸ್ ದಫೇದಾರರು ಮನುಷ್ಯರನ್ನು ಹೊಡೆಯುತ್ತಿದ್ದರು. ಸಿಟ್ಟು ನೆತ್ತಿಗೇರಿ ಕೈ ಎತ್ತುವವರ ಹಾಗಲ್ಲ. ಬಡಗಿ ಉಳಿ ಹಿಡಿದು ಕುಳಿತಂತೆ, ಎಲ್ಲಿ ಎಷ್ಟು ಬೀಳಬೇಕೆಂದು ನೋಡಿಕೊಂಡು ಹೊಡೆಯುತ್ತಿದ್ದರು. ಶುರು ಮಾಡುವ ಮೊದಲು ಬಲಗೈ ಬೆರಳುಗಳ ನಟಿಕೆ ಮುರಿಯುವುದು ಅವರ ಪದ್ಧತಿ. ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ ಐದು ಸದ್ದು. ಐದನೆಯದು ಕೇಳಿಸುವಷ್ಟರಲ್ಲಿ ಎದುರಿಗಿದ್ದವನ ಬಾಯಿ ಒಣಗಿರುತ್ತಿತ್ತು.

ಕಳೆದ ತಿಂಗಳು ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಹತ್ತಿ ಹೇರಿಕೊಂಡು ಬಂದ ಲಾರಿಯೊಂದು ಅವರ ಸೈಕಲ್ಲಿಗೆ ಗುದ್ದಿತು. ಸೈಕಲ್ಲಿನ ಹಿಂದೆ ಕಟ್ಟಿದ್ದ ಬೇವಿನ ಹಿಂಡಿಯ ಚೀಲ ಹರಿದು ರಸ್ತೆಯುದ್ದಕ್ಕೂ ಚೆಲ್ಲಿತ್ತಂತೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೇವದುರ್ಗ, ಮಾನ್ವಿ ಕಡೆ ಆ ಹೆಸರು ಕೇಳಿದರೆ ಇವತ್ತಿಗೂ ಎದ್ದು ನಿಲ್ಲುವ ಮುದುಕರಿದ್ದಾರೆ. ಅವರನ್ನು ಇನ್ನೊಮ್ಮೆ ಎಬ್ಬಿಸುವುದು ಬೇಡ.

ನಾನು ಅವರನ್ನು ಕಂಡದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ, ಕೋಟೆಯ ಕಂದಕದ ಪಕ್ಕದ ಸರಕಾರಿ ಶಾಲೆಯ ಹಿಂದೆ. ಅಲ್ಲೊಂದು ಹಾಳು ಜಾಗವಿತ್ತು. ಜಾಲಿ, ಕಲ್ಲು, ಒಡೆದ ಹಂಚು, ಹಂದಿ. ಶಾಲೆಯ ಟೀಚರಮ್ಮ ಆ ಜಾಗದಲ್ಲಿ ಮಕ್ಕಳಿಗಾಗಿ ಕಾಯಿಪಲ್ಯೆ ಬೆಳೆಯಬೇಕೆಂದು ಓಣಿಯವರನ್ನೆಲ್ಲ ಕೇಳಿಕೊಂಡಿದ್ದರು. ಹತ್ತು ಹನ್ನೆರಡು ಜನ ಬಂದರು. ಬ್ಯಾಂಕಿನ ಗುಮಾಸ್ತರೊಬ್ಬರು, ಅಕ್ಕಿ ಗಿರಣಿ ಸಾಹುಕಾರರ ಹೆಂಡತಿ, ಬಜಾರಿನಲ್ಲಿ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ಮೆಹಬೂಬ, ಕಾಲೇಜಿನಿಂದ ನಾವು ನಾಲ್ವರು. ಮೆಹಬೂಬ ಬಂದದ್ದು ಅವನ ಮಗಳು ರಜಿಯಾ ಅದೇ ಶಾಲೆಯಲ್ಲಿ ಎರಡನೆಯ ಇಯತ್ತೆ ಓದುತ್ತಿದ್ದಳೆಂದು. ನಾನು ಬಂದದ್ದು ಸೇವೆ ಮಾಡಿದ್ದಕ್ಕೆ ಕಾಲೇಜಿನಲ್ಲಿ ಒಂದು ಸರ್ಟಿಫಿಕೇಟು ಕೊಡುತ್ತಾರೆಂದು. ಇದನ್ನೂ ಮುಚ್ಚಿಡುವುದಿಲ್ಲ.

ದಫೇದಾರರನ್ನು ಯಾರೂ ಕರೆದಿರಲಿಲ್ಲ. ನಿಜಾಮನ ಆಳ್ವಿಕೆಯ ಕೊನೆಯಲ್ಲಿ ಪೊಲೀಸು ಸೇರಿ, ದೇವದುರ್ಗ ಮತ್ತು ಮಾನ್ವಿ ಠಾಣೆಗಳಲ್ಲಿ ಮೂವತ್ತು ವರ್ಷ ಕಳೆದು, ಪೆನ್ಶನ್ ತೆಗೆದುಕೊಂಡು ಕಂದಕದ ಬದಿಯ ಮನೆಗೆ ಬಂದಿದ್ದರು. ನಾವು ಕುಡುಗೋಲಿನಿಂದ ಜಾಲಿಯ ಕೊಂಬೆಗಳನ್ನು ಹೆದರಿ ಹೆದರಿ ಕೊಯ್ಯುತ್ತಿದ್ದುದನ್ನು ಒಂದು ದಿನ ಗೋಡೆಯಾಚೆಯಿಂದ ನೋಡಿದರು. ಗೋಡೆ ಹಾರಿ ಬಂದರು. ಹಣೆಯ ತುಂಬ ವಿಭೂತಿ, ಮೈಮೇಲೆ ಬರೀ ಬನಿಯನ್.

"ಗಡ್ಡ ಬೋಳಸಾಕತ್ತೀರೇನಲೇ ಅದಕ್ಕ?" ಎಂದವರೇ ಬುಡಕ್ಕೆ ಕೈ ಹಾಕಿ ಕಿತ್ತರು. ಮುಳ್ಳು ಅಂಗೈ ಸೀಳಿ ರಕ್ತ ಮೊಣಕೈವರೆಗೆ ಇಳಿಯಿತು. ಅವರು ಅದನ್ನು ನೋಡಲೂ ಇಲ್ಲ. ಮೂರನೆಯ ದಿನದಿಂದ ತೋಟದ ಹಾಜರಿ ಅವರೇ ಕರೆಯುತ್ತಿದ್ದರು.

ಎರಡು ಕಾನೂನು ಮಾಡಿದರು. ಒಂದು, ಮಗುವಿನ ಕೈಗೆ ಎಟುಕಿದ ಕಾಯಿ ಮಗುವಿನದು. ಅಲ್ಲೇ ಹರಿದು, ತೊಳೆಯದೆ, ಅಲ್ಲೇ ತಿನ್ನಬಹುದು. ಇನ್ನೊಂದು ಮೊದಲಿನದರಿಂದಲೇ ಹುಟ್ಟಿದ್ದು. ಯೂರಿಯಾದಂಥ ಸರಕಾರಿ ಗೊಬ್ಬರ ಇಲ್ಲ, ಎಣ್ಣಿ ಇಲ್ಲ. ಹತ್ತಿಗೆ ಹೊಡೆಯುವ ಎಂಡ್ರಿನ್‌ನಂಥ ವಿಷಕ್ಕೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ. ತಿಪ್ಪೆಗೊಬ್ಬರ ಕಲ್ಮಲ ಎಂಬ ಹಳ್ಳಿಯಿಂದ ಚಕ್ಕಡಿಯಲ್ಲಿ ಬರುತ್ತಿತ್ತು, ಬೇವಿನ ಹಿಂಡಿ ಗಾಣದಿಂದ. ಉಳಿದದ್ದೆಲ್ಲ ಕೈಯಿಂದ.

ಕೈಯಿಂದ ಎಂದರೆ ಹೇಗೆ ಎಂಬುದನ್ನು ಹೇಳಬೇಕು. ಬೆಳಿಗ್ಗೆ ಆರಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹುಳು ಹಿಡಿಸುತ್ತಿದ್ದರು. ಹಿಡಿದ ಹುಳುವನ್ನು ಅವರ ಮುಂದೆ ತರಬೇಕು. ಅವರು ಅದನ್ನು ಬೆರಳುಗಳ ನಡುವೆ ಎತ್ತಿ ಹಿಡಿದು, "ಎಲ್ಲಿ ಸಿಕ್ಕ?" ಎನ್ನುತ್ತಿದ್ದರು.

"ಬದನಿಕಾಯಿ ಒಳಗ್ರೀ!"

"ಮನಿ ಒಡದು ಒಳಗ ಹೊಕ್ಕಾನ. ಕಲಂ ನಾಕುನೂರಾ ಐವತ್ತೇಳು." ಪಚಕ್. "ಮುಂದಿನವ?"

"ಎಲಿ ತಿನ್ನಾಕತ್ತಿದ್ದನ್ರೀ!"

"ಕಳವು. ಮುನ್ನೂರಾ ಎಪ್ಪತ್ತೊಂಬತ್ತು." ಪಚಕ್.

ಮಕ್ಕಳಿಗೆ ಮಗ್ಗಿ ಬಾರದಿದ್ದರೂ ಕಲಮುಗಳು ಬರುತ್ತಿದ್ದವು. ರಜಿಯಾ ಒಮ್ಮೆ ಒಂದು ಗುಂಗಾಡು ಹುಳವನ್ನು ತಂದು "ಇದಕ್ಕ ಮುನ್ನೂರಾ ಎರಡು ಹಾಕ್ರಿ ಅಜ್ಜಾ" ಎಂದಳು. ಅದು ಕೊಲೆಯ ಕಲಂ. "ಯಾರನ್ನ ಕೊಂದದ ಬೇ ಅದು?" ಎಂದರು. "ಇನ್ನ ಕೊಂದಿಲ್ಲ. ಮುಂದ ಕೊಲ್ಲತದ" ಎಂದಳು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಗುತ್ತಲೇ ಹಿಚುಕಿದರು.

ಬ್ಯಾಂಕಿನ ಗುಮಾಸ್ತರು ಒಂದು ದಿನ ಪಾಪ, ಒಳ್ಳೆಯದಾಗಲೆಂದು, ಪುಡಿಕೆಯಲ್ಲಿ ಯೂರಿಯಾ ತಂದಿದ್ದರು. ದಫೇದಾರರು ಅವರ ಕುತ್ತಿಗೆ ಹಿಡಿದು, ಒಂದು ಚಿಟಿಕೆ ತೆಗೆದು ಅವರ ಬಾಯಿಗೇ ಇಟ್ಟರು. "ತಿನ್ನು. ಮಕ್ಳು ತಿನ್ನಬೇಕಲ್ಲ, ನೀನೂ ತಿನ್ನು." ಗುಮಾಸ್ತರು ಉಗುಳಿದಾಗ ಕಪಾಳಕ್ಕೆ ಒಂದು ಬಿತ್ತು. ಕನ್ನಡಕ ಸೌತೆಯ ಬಳ್ಳಿಯಲ್ಲಿ ಸಿಕ್ಕಿಕೊಂಡಿತು. ಮಾರನೆಯ ದಿನ ಗುಮಾಸ್ತರು ಮತ್ತೆ ಬಂದರು! ನೀವು ಕೇಳಬಹುದು, ಯಾಕೆ ಬಂದರು, ನೀವೆಲ್ಲ ಯಾಕೆ ಸಹಿಸಿದಿರಿ ಎಂದು. ನಾನೂ ಕೇಳಿದ್ದೆ. ಗುಮಾಸ್ತರು ಹೇಳಿದ್ದು ಇಷ್ಟೇ: "ಕಾಯಿ ಬರಾಕತ್ತಾವಲ್ಲೋ." ಬರುತ್ತಿದ್ದುದು ನಿಜ. ಒಂದು ವರ್ಷದಲ್ಲಿ ಆ ಕಲ್ಲು ನೆಲದಲ್ಲಿ ಸೌತೆ, ಬದನೆ, ಮೂಲಂಗಿ, ಪುಂಡಿಪಲ್ಯೆ. ಶನಿವಾರ ಶನಿವಾರ ಗಿರಣಿ ಸಾಹುಕಾರರ ಹೆಂಡತಿ ದೊಡ್ಡ ಬೋಗುಣಿಯಲ್ಲಿ ಪಲ್ಯೆ ಮಾಡಿ ಮಕ್ಕಳಿಗೆ ರೊಟ್ಟಿಯೊಂದಿಗೆ ಬಡಿಸುತ್ತಿದ್ದರು. ಕಾಯಿ ಬಂದರೆ ಕಪಾಳಕ್ಕೆ ಹೊಡೆಯುವ ಹಕ್ಕು ಬರುತ್ತದೆಯೇ ಎಂದು ನಾನು ಕೇಳಿದೆ. ಗುಮಾಸ್ತರು ಕೊಡ ಎತ್ತಿಕೊಂಡು ನೀರಿಗೆ ಹೋದರು.

ಎಣ್ಣಿಯ ಮೇಲೆ ಅವರಿಗೆ ಯಾಕೆ ಅಷ್ಟು ದ್ವೇಷ ಎಂಬುದು ನನಗೆ ಗೊತ್ತಾದದ್ದು ಗೊಬ್ಬರ ತುಳಿಯುತ್ತಿದ್ದಾಗ. ತಾವಾಗಿಯೇ ಹೇಳಿದರು. ಕವಿತಾಳದ ಹತ್ತಿರ ಒಬ್ಬ ಹೆಂಗಸು ಎಣ್ಣಿಯ ಖಾಲಿ ಡಬ್ಬಿಯನ್ನು ತೊಳೆದು ಜೋಳದ ಹಿಟ್ಟು ತುಂಬಿಟ್ಟಿದ್ದಳು. ಅವಳು, ಎರಡು ಮಕ್ಕಳು. ಮೂರು ಹೆಣಗಳನ್ನು ಒಂದೇ ಬಂಡಿಯಲ್ಲಿ ಹಾಕಿಕೊಂಡು ಮಾನ್ವಿಯ ದವಾಖಾನೆಗೆ ಕೊಯ್ಯಲು ಒಯ್ಯುವುದು ಇವರ ಡ್ಯೂಟಿ.

"ಬಂಡಿ ಹಿಂದ ನಡಕೋತ ಬಂದೆ. ಸಣ್ಣದರ ಬಾಯಾಗಿಂದ ಬುರಗು ಬರಾಕತ್ತಿತ್ತು, ಸತ್ತ ಮ್ಯಾಲನೂ. ಆ ವಾಸನಿ ಹೊಕ್ಕದ್ದು ಇನ್ನ ಹೊರಗ ಬಂದಿಲ್ಲ." ಮೂಗನ್ನು ಬೆರಳಿನಿಂದ ಬಡಿದು ತೋರಿಸಿದರು. "ನಾಕು ಓಣಿ ಆಚೆ ಡಬ್ಬಿ ಬಿಚ್ಚಿದ್ರೂ ನನಗ ಗೊತ್ತಾಗತದ."

ನಾನು ಆಗ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆಲ್ಲುತ್ತಿದ್ದವನು. ಪರವಾಗಿ ಮಾತಾಡೆಂದರೂ ಸರಿ, ವಿರೋಧವಾಗಿ ಎಂದರೂ ಸರಿ. ದಫೇದಾರರು ನನ್ನನ್ನು "ವಕೀಲ" ಎಂದು ಕರೆಯುತ್ತಿದ್ದರು, ಹೊಗಳಿಕೆಯಾಗಿ ಅಲ್ಲ. ಬೇವಿನ ಗಿಡದ ಕೆಳಗೆ ಚಹಾ ಕುಡಿಯುವಾಗ ನಮ್ಮಿಬ್ಬರ ಜಗಳ ದಿನವೂ ನಡೆಯುತ್ತಿತ್ತು. ಒಂದು ದಿನ ಕಳ್ಳರಿಂದ ಹೇಗೆ ಬಾಯಿ ಬಿಡಿಸುತ್ತಿದ್ದೆವೆಂದು ಅವರು ಹೇಳತೊಡಗಿದರು. ಪಾದಕ್ಕೆ ಎಷ್ಟು, ಮೊಣಕಾಲಿಗೆ ಎಷ್ಟು.

"ಹೊಡತ ತಾಳಲಾರದವ ಏನರ ಹೇಳ್ತಾನ್ರಿ," ಎಂದೆ. "ಅದು ಖರೇನೋ ಸುಳ್ಳೋ ನಿಮಗ ಹೆಂಗ ಗೊತ್ತಾಗಬೇಕು?"

"ಕೈಗೆ ಗೊತ್ತಾಗತದ."

"ಕೈಗೆ?"

"ಹೌದಲೇ ವಕೀಲಾ. ಸುಳ್ಳ ಹೇಳೋ ಮೈ ಬ್ಯಾರೆ ನಡಗತದ, ಖರೇ ಹೇಳೋ ಮೈ ಬ್ಯಾರೆ ನಡಗತದ. ಮೂವತ್ತ ವರ್ಷ ಈ ಕೈ ತಪ್ಪಿಲ್ಲ."

"ಠಾಣಾದಾಗ ಒಪ್ಪಿದ್ದು ಕೋರ್ಟಿನಾಗ ನಡಿಯಂಗಿಲ್ರಿ."

"ಕೋರ್ಟಿಗೆ ಮಾಲು ಬೇಕು. ಮಾಲು ಸಿಕ್ಕಾಗ ಪಂಚನಾಮೆಗೆ ಇಬ್ರು ಪಂಚರ ಸಹಿ ಬೇಕು. ಮಾಲು ಎಲ್ಲಿಂದ ತರಬೇಕಂತ ನಮಗ ಗೊತ್ತಿತ್ತು. ಪಂಚರು ಚಹಾದಂಗಡ್ಯಾಗ ಸಿಗತಿದ್ರು."

"ಅಂದ್ರ ಕೈ ತಪ್ಪಿಲ್ಲಂತ ಹೇಳೋದೂ ಕೈನ. ಹೊಡಿಯೋದೂ ಅದ, ತೀರ್ಪು ಕೊಡೋದೂ ಅದ!"

ಮೆಹಬೂಬ ಚಪ್ಪಾಳೆ ತಟ್ಟಿದ. "ಲಾಜವಾಬ್! ಇದಕ್ಕೇನಂತೀರಿ ದಫೇದಾರ್ ಸಾಬ್?"

ದಫೇದಾರರು ನಗಲಿಲ್ಲ. ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಇದು ತಪ್ಪಿದ್ರ ತಮ್ಮಾ, ನಾ ಹೆಂಗ ನಿದ್ದಿ ಮಾಡ್ಲಿ? ಮಾಡ್ತೀನಲ್ಲ. ಅದ ಪುರಾವೆ."

ನಾನು ಕೇಳಿದ ವಾದಗಳಲ್ಲೇ ತೀರ ದುರ್ಬಲವಾದದ್ದು ಅದು. ಆದರೆ ಆ ಮನುಷ್ಯ ತನ್ನ ಇಡೀ ಆಯುಷ್ಯವನ್ನು ಅದರ ಮೇಲೆ ಊರಿ ನಿಂತಿದ್ದರು. ತಳ್ಳಿದರೆ ಏನಾಗುತ್ತದೆಂದು ನನಗೆ ಆಗಲೇ ಗೊತ್ತಾಗಬೇಕಿತ್ತು.

ಆ ಬೇಸಿಗೆಯಲ್ಲಿ ಬದನೆಗೆ ಕಾಯಿಕೊರಕ ವಿಪರೀತವಾಯಿತು. ಕೈಯಿಂದ ಹಿಡಿದು ಮುಗಿಯುವ ಮಾತಾಗಿರಲಿಲ್ಲ. ಅರ್ಧ ಮಡಿಗೆ ಎಣ್ಣಿ ಹೊಡೆದು, ಅರ್ಧ ಹಾಗೇ ಬಿಟ್ಟು, ಹೋಲಿಸಿ ನೋಡೋಣ ಎಂದು ನಾನು ಸಲಹೆ ಕೊಟ್ಟೆ. ದಫೇದಾರರು ಮೂರು ನಟಿಕೆ ಮುರಿದು ನಿಲ್ಲಿಸಿದರು. "ಇನ್ನೊಮ್ಮೆ ಅಂದ್ರ ಐದೂ ಕೇಳ್ತೀ."

ಉತ್ತರವಿಲ್ಲದವರು ಬೆದರಿಸುತ್ತಾರೆ ಎಂದು ನಾನು ತೀರ್ಮಾನಿಸಿದೆ. ಪುರಾವೆಯನ್ನು ಅವರ ಮುಖಕ್ಕೆ ಹಿಡಿಯಬೇಕೆಂದು ಹಟ ಹುಟ್ಟಿತು. ಕಲ್ಮಲದಲ್ಲಿದ್ದ ಕಾಕಾನ ಮನೆಯಿಂದ ಒಂದು ಸಣ್ಣ ಕೈಪಂಪು, ತಳದಲ್ಲಿ ಸ್ವಲ್ಪ ಎಂಡ್ರಿನ್ ಉಳಿದಿದ್ದ ಒಂದು ಬಾಟ್ಲಿ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದೆ. ಭಾನುವಾರ ಮಧ್ಯಾಹ್ನ, ನಾಯಿಗಳು ಗಟಾರದಲ್ಲಿ ಮಲಗುವ ಬಿಸಿಲಿನಲ್ಲಿ, ತೋಟದಲ್ಲಿ ಒಂದು ನರಪಿಳ್ಳೆಯೂ ಇಲ್ಲದಾಗ, ಎಂಟು ಸಾಲು ಬದನೆಯಲ್ಲಿ ನಾಲ್ಕಕ್ಕೆ ಹೊಡೆದೆ. ಬಾಟ್ಲಿಯನ್ನು ಕೋಟೆ ಗೋಡೆಯ ಸಂದಿಯಲ್ಲಿ ತುರುಕಿದೆ. ನನ್ನ ಸಮರ್ಥನೆ ಸಿದ್ಧವಾಗಿತ್ತು: ಹಸಿ ಬದನೆಯನ್ನು ಯಾವ ಮಗುವೂ ತಿನ್ನುವುದಿಲ್ಲ, ಬೇಯಿಸುವುದು ಶನಿವಾರ, ಅಷ್ಟರೊಳಗೆ ನಾನೇ ಎಲ್ಲರ ಮುಂದೆ ಹೇಳಿ ಆ ನಾಲ್ಕು ಸಾಲನ್ನು ತೆಗೆಸಿರುತ್ತೇನೆ. ಮೂರೂ ಅಂಶಗಳು ಸರಿಯಾಗಿಯೇ ಇದ್ದವು. ಗಾಳಿಯೊಂದು ನನ್ನ ಪಟ್ಟಿಯಲ್ಲಿರಲಿಲ್ಲ. ಬದನೆಯ ಪಕ್ಕದ ಬೇಲಿಯ ಮೇಲೆ ಸೌತೆಯ ಬಳ್ಳಿ ಹಬ್ಬಿತ್ತು.

ಸೋಮವಾರ ಬೆಳಿಗ್ಗೆ ದಫೇದಾರರು ಗೇಟಿನಲ್ಲೇ ನಿಂತುಬಿಟ್ಟರು. ಮೂಗಿನ ಹೊಳ್ಳೆಗಳು ಅರಳಿದವು. ಮಕ್ಕಳು ಆಗಲೇ ಒಳಗಿದ್ದರು. ರಜಿಯಾ ಒಂದು ಎಳೆ ಸೌತೆ ಹರಿದು ಕಚ್ಚಿದ್ದಳು. ಅವರು ಓಡಿದ್ದನ್ನು ನಾನು ಮರೆಯುವುದಿಲ್ಲ. ಮೂಲಂಗಿಯ ಮಡಿಗಳನ್ನೆಲ್ಲ ತುಳಿದುಕೊಂಡು ಓಡಿದರು. ಕೈಯಲ್ಲಿನ ಸೌತೆಗೆ ಬಿದ್ದ ಏಟು ಅವಳ ತುಟಿಯನ್ನೂ ಹರಿಯಿತು. ಕೆಳಗೆ ಕೆಡವಿ, ಮಂಡಿಯ ಮೇಲೆ ಬೋರಲು ಹಾಕಿಕೊಂಡು, ಗಂಟಲಿಗೆ ಎರಡು ಬೆರಳು ತುರುಕಿದರು. ಅವಳು ಬೆರಳನ್ನು ಎಲುಬಿನವರೆಗೆ ಕಚ್ಚಿದಳು. ಅವರು ತೆಗೆಯಲಿಲ್ಲ. ವಾಂತಿಯಲ್ಲಿ ಸೌತೆಯ ಚೂರು, ಅವಳ ರಕ್ತ, ಅವರ ರಕ್ತ ಎಲ್ಲ ಬಂತು. ಟೀಚರಮ್ಮ ಅವಳನ್ನು ಎತ್ತಿಕೊಂಡು ರಿಕ್ಷಾದಲ್ಲಿ ದವಾಖಾನೆಗೆ ಒಯ್ದರು. ಹಿಂದೆ ಓಡಹೊರಟ ಮೆಹಬೂಬನನ್ನು ದಫೇದಾರರು ಹೆಗಲು ಹಿಡಿದು ನಿಲ್ಲಿಸಿದರು.

"ಯಾರೂ ಹೊರಗ ಹೋಗಂಗಿಲ್ಲ."

ನಮ್ಮನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರ ಕೈ ಹಿಡಿದು ಮೂಸುತ್ತ ಬಂದರು. ನಾನು ಹಿಂದಿನ ದಿನವೇ ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಕೈ ಉಜ್ಜಿ ತೊಳೆದಿದ್ದೆ.

"ಚಿಮಣಿ ಎಣ್ಣಿ ವಾಸನಿ."

"ಸ್ಟೋವ್ ರಿಪೇರಿ ಮಾಡಿನ್ರಿ."

ಮುಂದಕ್ಕೆ ಹೋದರು. ಮೆಹಬೂಬನ ಕೈಯನ್ನು ಮೂಸಿ, ಬಿಡಲಿಲ್ಲ. ದಿನಕ್ಕೆ ಹತ್ತು ಪಂಪು ಬಿಚ್ಚುವವನ ಕೈ. ಎಂಡ್ರಿನ್ ಅವನ ಉಗುರಿನ ಸಂದಿಯಲ್ಲೇ ಇರುತ್ತಿತ್ತು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ದಫೇದಾರರಿಗೂ. ಆದರೆ ಅವರು ಆ ಹೊತ್ತಿಗೆ ತೋಟದಲ್ಲಿರಲಿಲ್ಲ, ಠಾಣೆಯಲ್ಲಿದ್ದರು.

ಐದು ನಟಿಕೆ ಕೇಳಿಸಿದವು.

ಸಲಿಕೆಯ ಮರದ ಕಾವು. ಕೆಳಗೆ ಕೂರಿಸಿ, ಕಾಲು ಚಾಚಿಸಿ, ಅಂಗಾಲಿಗೆ. "ನಕ್ಕೋ ಸಾಬ್, ಬ್ಯಾಡ್ರೀ, ನನ್ನ ಮಗಳು ತಿಂತಾಳ್ರೀ ಇಲ್ಲಿ, ನಾ ಯಾಕ ಹೊಡೀಲಿ..." ಎಂದು ಮೆಹಬೂಬ ಕೂಗುತ್ತಿದ್ದ. ಮೂರನೆಯ ಏಟಿಗೆ ಗುಮಾಸ್ತರು ಒಂದು ಹೆಜ್ಜೆ ಮುಂದೆ ಬಂದರು. ದಫೇದಾರರು ತಿರುಗಿ ನೋಡಿದ್ದೇ ಹಿಂದೆ ಸರಿದರು. ನಾನು ಹೆಜ್ಜೆ ಇಡಲೇ ಇಲ್ಲ. ಎಣಿಸುತ್ತಿದ್ದೆ. ಐದಕ್ಕೆ ಚರ್ಮ ಒಡೆಯಿತು. ಏಳಕ್ಕೆ ಕೂಗು ನಿಂತು ಬೇರೊಂದು ಸದ್ದು ಶುರುವಾಯಿತು. ಒಂಬತ್ತಕ್ಕೆ ಅವನು ಹೇಳಿದ:

"ಹೌ ಸಾಬ್. ನಾನೇ. ನಾನೇ ಹೊಡದೆ."

"ಯಾವಾಗ?"

"ಶನಿವಾರ. ಸಂಜೀಕ."

"ಎಷ್ಟು ಹಾಕಿದಿ?"

"ಎರಡು ಮುಚ್ಚಳ. ಒಂದು ಕೊಡ ನೀರಿಗೆ."

ತನ್ನ ಮಗಳು ಬಾಯಿಗಿಡುವ ಬಳ್ಳಿಗೆ ತಾನೇ ವಿಷ ಹೊಡೆದೆನೆಂದು ಒಬ್ಬ ತಂದೆ ಒಪ್ಪಿಕೊಂಡ. ದಿನ ಹೇಳಿದ, ಹೊತ್ತು ಹೇಳಿದ, ಅಳತೆ ಹೇಳಿದ. ದಫೇದಾರರು ಕಾವನ್ನು ನೆಲಕ್ಕೆ ಊರಿ, ಬೆವರು ಒರೆಸಿಕೊಂಡು, ಸೀದಾ ನನ್ನ ಕಡೆ ತಿರುಗಿದರು.

"ನೋಡಿದೇನಲೇ ವಕೀಲಾ? ಒಂಬತ್ತು. ಖರೇ ಬಂತು. ಏನಂದಿದ್ದಿ ನೀ?"

ಆಗ ನಾನು ಬಾಯಿ ಬಿಟ್ಟೆ. "ಅಂವ ಅಲ್ಲ. ನಾನು."

ಈ ಬರಹದಲ್ಲಿ ಎಲ್ಲಾದರೂ ಸುಳ್ಳು ಹೇಳಬೇಕೆಂಬ ಆಸೆ ನನಗಿದ್ದರೆ ಅದು ಈ ಜಾಗದಲ್ಲಿ. ಗೆಳೆಯನ ನೋವು ನೋಡಲಾರದೆ ಹೇಳಿದೆ ಎಂದು ಬರೆಯಬಹುದು. ಆದರೆ ಒಂಬತ್ತು ಏಟುಗಳನ್ನು ನಾನು ನೋಡಿದ್ದೆ, ನೋಡಬಲ್ಲವನಾಗಿದ್ದೆ. ಹತ್ತನೆಯದು ಬೀಳುವುದೂ ಇರಲಿಲ್ಲ. ನಾನು ಸತ್ಯ ಹೇಳಿದ್ದು ವಾದದಲ್ಲಿ ಸೋಲುವುದನ್ನು ತಾಳಲಾರದೆ.

ಎಲ್ಲರೂ ಅವರ ಕೈಯನ್ನು ನೋಡುತ್ತಿದ್ದರು. ಅದು ಏಳಲಿಲ್ಲ. "ಯಾವಾಗ?" ಎಂದು ಕೇಳಿದರು. "ನಿನ್ನೆ ಮಧ್ಯಾಹ್ನ." "ಬಾಟ್ಲಿ?" ಗೋಡೆಯ ಸಂದಿಯಿಂದ ತೆಗೆದುಕೊಟ್ಟೆ. ಮೂಸಿದರು. ಬಹಳ ಹೊತ್ತು ಮೂಸಿದರು. ಆಮೇಲೆ ಮೆಹಬೂಬನ ಮುಂದೆ, ಆ ರಕ್ತದ ಮಣ್ಣಿನಲ್ಲಿ ಕುಳಿತರು.

"ಮತ್ತ ನೀ ಯಾಕ ಒಪ್ಪಿದಿ?"

"ಒಪ್ಪದಿದ್ರ ನೀವು ಬಿಡತಿದ್ರೇನು ಸಾಬ್?"

ದಫೇದಾರರ ಬಾಯಿಂದ ಆಮೇಲೆ ಬಂದದ್ದು ನಮಗೆ ಹೇಳಿದ್ದಾಗಿರಲಿಲ್ಲ. "ಹಂಗಾದ್ರ ದೇವದುರ್ಗದಾಗ... ಹಂಗಾದ್ರ ಮಾನ್ವ್ಯಾಗ..." ಎಂದು ಬೆರಳು ಮಡಿಸುತ್ತ ಹೋದರು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದರು.

ಮೆಹಬೂಬ ನನ್ನನ್ನು ಹತ್ತಿರ ಕರೆದ. "ಎಬ್ಬಸು ನನ್ನ, ದವಾಖಾನಿಗೆ ಹೋಗ್ಬೇಕು." ಬಗ್ಗಿದೆ. ಮುಷ್ಟಿ ಬಿಗಿದು ಬಾಯಿಗೇ ಗುದ್ದಿದ. ಮುಂದಿನ ಹಲ್ಲೊಂದು ಮುರಿದು ನಾಲಿಗೆಯ ಮೇಲೆ ಬಿತ್ತು.

"ಇದು ನನ್ನ ಕಾಲಿನ ಲೆಕ್ಕ ಅಲ್ಲ," ಎಂದ. "ರಜಿಯಾಂದು."

ಅವಳಿಗೆ ಏನೂ ಆಗಲಿಲ್ಲ. ಸಂಜೆ ಮನೆಗೆ ಬಂದಳು. ಏನಾದರೂ ಆಗಿದ್ದರೆ ನಾನು ಇದನ್ನು ಬರೆಯಲು ಇರುತ್ತಿರಲಿಲ್ಲ ಎಂದುಕೊಂಡಿದ್ದೇನೆ, ಆದರೆ ಹಾಗೆ ಹೇಳಿಕೊಳ್ಳುವುದೂ ಸುಲಭ.

ಮರುದಿನದಿಂದ ಮೂರು ದಿನ ದಫೇದಾರರು ತೋಟವನ್ನು ಕೊಂದರು. ಬೇರೆ ಶಬ್ದ ನನಗೆ ತೋಚುವುದಿಲ್ಲ. ಕಾಯಿ ತುಂಬಿದ ಬದನೆ, ಹೂಬಿಟ್ಟ ಸೌತೆ, ಏನನ್ನೂ ಬಿಡದೆ ಬೇರುಸಹಿತ ಕಿತ್ತು ಹಾಕಿದರು. ಮೇಲಿನ ಒಂದು ಗೇಣು ಮಣ್ಣನ್ನು ಸಲಿಕೆಯಿಂದ ಕೆರೆದು ಚಕ್ಕಡಿಗೆ ತುಂಬಿ, ಊರಾಚೆ ಕಲ್ಲಿನ ಕ್ವಾರಿಯಲ್ಲಿ ಹೂತು ಬಂದರು. ನಾವೂ ಕೆರೆದೆವು. ಒಂದು ವರ್ಷ ಹಂದಿಗಳಿಂದ ಕಾಪಾಡಿದ್ದನ್ನು ಹಂದಿಗಳಿಗಿಂತ ಚೆನ್ನಾಗಿ ಹಾಳುಮಾಡಿದೆವು. ಮಕ್ಕಳು ಶಾಲೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

ಹದಿನೈದು ದಿನದ ಮೇಲೆ ಅವರು ನಮ್ಮ ಮನೆಯ ಬಾಗಿಲಿಗೆ ಬಂದರು. "ಪಂಚ ಬೇಕು. ನಡಿ," ಎಂದರು. "ಈ ಸಲ ಕಣ್ಣಿಲೆ ನೋಡೋ ಪಂಚ."

ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ತಿಪ್ಪಣ್ಣ ಎಂಬವನ ಮಿರ್ಚಿ ಬಜಿಯ ಅಂಗಡಿ. ಹನ್ನೆರಡು ವರ್ಷದ ಹಿಂದೆ ಎಮ್ಮೆ ಕದ್ದನೆಂದು ದಫೇದಾರರು ಹಿಡಿದಿದ್ದರು. ಒಪ್ಪಿಕೊಂಡ, ಜೈಲಿಗೆ ಹೋದ. ಬಲಗೈಯ ಮೂರು ಬೆರಳು ಸೊಟ್ಟಗಿದ್ದವು, ಎಡಗೈಯಿಂದ ಬಜಿ ಬಿಡುತ್ತಿದ್ದ. ನಮ್ಮನ್ನು ಕಂಡದ್ದೇ ಎದ್ದು ನಿಂತ. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ.

"ಕುಂದ್ರೋ ತಿಪ್ಪಣ್ಣಾ."

"ಇರ್ಲಿ ಬಿಡ್ರೀ ಯಪ್ಪಾ."

"ಒಂದು ಮಾತ ಕೇಳಾಕ ಬಂದೀನಿ. ನಾನೀಗ ಪೊಲೀಸ ಅಲ್ಲ. ಖರೇ ಹೇಳು. ಆ ಎಮ್ಮಿ ನೀನ ಕದ್ದಿದ್ದೇನು?"

"ಹೌದ್ರೀ ಯಪ್ಪಾ. ನಾನ ಕದ್ದೀನ್ರೀ."

"ನಾ ಏನೂ ಮಾಡಂಗಿಲ್ಲೋ. ಕೈ ಮುಗೀತೀನಿ. ಖರೇ ಹೇಳು."

"ಖರೇನ್ರೀ. ಅಮಾಸಿ ದಿನ್ರೀ. ಕುಡುಗೋಲಿಲೆ ಹಗ್ಗ ಕೊಯ್ದು, ಹಳ್ಳ ದಾಟಿಸಿ ಹೊಡಕೊಂಡು ಹೋಗೀನ್ರೀ." ಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದ. ದಫೇದಾರರ ತುಟಿಗಳು ಅವನ ಮಾತಿನ ಜೊತೆಜೊತೆಗೇ ಅಲುಗುತ್ತಿದ್ದುದನ್ನು ನಾನು ಕಂಡೆ. ಆ ಮಾತುಗಳನ್ನು ಹನ್ನೆರಡು ವರ್ಷದ ಹಿಂದೆ ಅವನಿಗೆ ಹೇಳಿಕೊಟ್ಟವರು ಅವರೇ.

ಒಳಗಿನಿಂದ ತಿಪ್ಪಣ್ಣನ ಹೆಂಡತಿ ಬಂದಳು. ಕೈಯಲ್ಲಿ ಬಜಿ ಎತ್ತುವ ತೂತಿನ ಕಬ್ಬಿಣದ ಜಾರಿ, ಎಣ್ಣೆ ಇನ್ನೂ ತೊಟ್ಟಿಕ್ಕುತ್ತಿತ್ತು. "ಇನ್ನೊಮ್ಮೆ ಹೇಳಸಾಕ ಬಂದೀಯೇನು? ಆ ಎಮ್ಮಿ ಯಾವಂವ ಹೊಡಕೊಂಡು ಹೋದಂತ ಇಡೀ ದೇವದುರ್ಗಕ್ಕ ಗೊತ್ತದ! ಮುಂದ ಅಂವ ಮಾರಿ ಸಿಕ್ಕೂ ಬಿದ್ದ! ನಿನಗೊಬ್ಬಗ ಗೊತ್ತಿಲ್ಲ!"

ಜಾರಿ ದಫೇದಾರರ ಹೆಗಲಿಗೆ ಬಿತ್ತು. ಕುತ್ತಿಗೆಗೆ ಬಿತ್ತು. ಬಿಸಿ ಎಣ್ಣೆಗೆ ಚರ್ಮ ಬೊಬ್ಬೆ ಎದ್ದಿತು. ಅವರು ಕೈ ಎರಡನ್ನೂ ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದರು. ತಡೆಯಲು ಓಡಿ ಬಂದವನು ತಿಪ್ಪಣ್ಣ. "ಬ್ಯಾಡ ಬೇ, ಬ್ಯಾಡ, ನಾನ ಕದ್ದೀನಿ, ನಾನ ಕದ್ದೀನಿ" ಎಂದು ಅಳುತ್ತ ಹೆಂಡತಿಯ ಕೈ ಹಿಡಿದ.

ಮಾನ್ವಿಯಲ್ಲಿ ಮೂರು ಮನೆಗೆ ಹೋದೆವು. ಇಬ್ಬರು ಎದ್ದು ನಿಂತು ಒಪ್ಪಿಕೊಂಡರು. ಒಬ್ಬ ಬಾಗಿಲು ಹಾಕಿಕೊಂಡ. ಚೀಕಲಪರ್ವಿಯಲ್ಲಿ ಹುಡುಕಿ ಹೋದವನು ಸತ್ತಿದ್ದ. ಅವನ ತಮ್ಮ ಹೊಳೆಯ ದಂಡೆಯವರೆಗೂ ನಮ್ಮ ಮೇಲೆ ಕಲ್ಲು ಬೀಸುತ್ತ ಬಂದ. ವಾಪಸು ಬರುವ ಬಸ್ಸಿನಲ್ಲಿ ದಫೇದಾರರು ಕಿಟಕಿಯ ಕಡೆ ನೋಡುತ್ತಲೇ "ಗೆದ್ದಿ ಬಿಡೋ ವಕೀಲಾ" ಎಂದರು. ಒಂದು ವರ್ಷದಿಂದ ನಾನು ಕೇಳಬೇಕೆಂದಿದ್ದ ಮಾತು. ನನ್ನ ನಾಲಿಗೆ ಹಲ್ಲಿನ ಸಂದಿಯನ್ನು ಸವರುತ್ತಿತ್ತು.

ಮಳೆಗಾಲದಲ್ಲಿ ಹೊಸ ಮಣ್ಣು ತಂದು ಹಾಕಿ ತೋಟವನ್ನು ಮತ್ತೆ ಶುರು ಮಾಡಿದೆವು. ಅದಕ್ಕೆ ಮುಂಚೆ ಒಂದು ತಿಂಗಳು ದಫೇದಾರರು ದಿನವೂ ಬಜಾರಿಗೆ ಹೋಗಿ, ಮೆಹಬೂಬನ ಅಂಗಡಿಯ ಮುಂದೆ ನೆಲದ ಮೇಲೆ ಸುಮ್ಮನೆ ಕುಳಿತು ಬರುತ್ತಿದ್ದರು. ಒಂದು ದಿನ ಅವನು ಪಂಪಿನ ಪೈಪೊಂದನ್ನು ಚಾಚಿ, "ಹಿಡೀರಿ ಇದನ್ನ, ಖಾಲಿ ಕುಂತೀರಲ್ಲ" ಎಂದನಂತೆ. ಕ್ಷಮಿಸಿದನೆಂದು ನಾನು ಹೇಳಲಾರೆ. ತೋಟಕ್ಕೆ ಹೋಗಬೇಕೆಂದು ರಜಿಯಾ ಮನೆಯಲ್ಲಿ ಊಟ ಬಿಟ್ಟಿದ್ದಳು. ಮೆಹಬೂಬ ಬಂದ, ಕುಂಟುತ್ತ. ಇವತ್ತಿಗೂ ಕುಂಟುತ್ತಾನೆ.

ಹುಳು ಹಿಡಿಯುವುದು ನಡೆಯುತ್ತಿತ್ತು. ಮಕ್ಕಳು "ಮುನ್ನೂರಾ ಎಪ್ಪತ್ತೊಂಬತ್ತು!" ಎಂದು ಕೂಗಿದರೆ ದಫೇದಾರರು "ನೋಡಿದವ್ರು ಯಾರು?" ಎಂದು ಕೇಳಿ, ಹುಳುವನ್ನು ಕೋಳಿಗೆ ಹಾಕುತ್ತಿದ್ದರು. ನಾನು ಒಮ್ಮೆ ಕೇಳಿದೆ, ನಿದ್ದೆ ಬರುತ್ತದೆಯೇ ಎಂದು. ಕೇಳಬಾರದಿತ್ತು, ನನ್ನ ನಾಲಿಗೆಗೆ ಆ ಬುದ್ಧಿ ಇಲ್ಲ. "ಹಗಲ ಬರತದ" ಎಂದರು.

ಹೊಸದಾಗಿ ಒಂದು ಕಾನೂನು ಬಂತು. ಬೆಳಿಗ್ಗೆ ಪ್ರತಿ ಮಡಿಯಿಂದ ಒಂದೊಂದು ಕಾಯನ್ನು ಅವರೇ ಹರಿದು, ಹಸಿಯದು, ಬದನೆಯಾದರೂ ಸರಿ, ಮಕ್ಕಳ ಎದುರಿಗೆ ತಿನ್ನುತ್ತಿದ್ದರು. ಬೇವಿನ ಗಿಡದ ಕೆಳಗೆ ಒಂದು ತಾಸು ಕುಳಿತುಕೊಳ್ಳುತ್ತಿದ್ದರು. ತಾಸು ಕಳೆದು ಅವರು ಎದ್ದು ನಿಂತ ಮೇಲೆಯೇ ಮಕ್ಕಳು ಬಳ್ಳಿಗೆ ಕೈ ಹಾಕಬೇಕು. ಏಳು ವರ್ಷ ಒಂದು ದಿನವೂ ತಪ್ಪಲಿಲ್ಲ ಎಂದು ಟೀಚರಮ್ಮ ಹೇಳುತ್ತಾರೆ. ನಾನು ನಡುವೆ ಗುಲಬರ್ಗಕ್ಕೆ ಹೋಗಿ, ಅವರು ಕರೆಯುತ್ತಿದ್ದ ಹೆಸರಿಗೆ ತಕ್ಕ ಕರಿ ಕೋಟು ಹಾಕಿಕೊಂಡು ಬಂದೆ. ರಾಯಚೂರಿನ ಕೋರ್ಟಿನಲ್ಲಿ ಯಾರಾದರೂ ಕಟಕಟೆಯಲ್ಲಿ ನಿಂತು "ಹೌದ್ರೀ, ನಾನ" ಎಂದರೆ ಮೊದಲು ಅವನ ಅಂಗಾಲು ನೋಡುತ್ತೇನೆ.

ದಫೇದಾರರನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ತೋಟಕ್ಕೆ ಹೋದೆ. ಸೌತೆ ಬಳ್ಳಿಯ ತುಂಬ ಕಾಯಿ. ಮಕ್ಕಳು ಬೇಲಿಯ ಪಕ್ಕ ಸಾಲಾಗಿ ನಿಂತಿದ್ದರು. ಯಾರೂ ಮುಟ್ಟಿರಲಿಲ್ಲ. ಮೊದಲು ತಿನ್ನುವವರು ಇರಲಿಲ್ಲ. ಗುಮಾಸ್ತರು ನೆಲ ನೋಡುತ್ತಿದ್ದರು. ಮೆಹಬೂಬ ಬೇವಿನ ಗಿಡಕ್ಕೆ ಒರಗಿ ನನ್ನನ್ನು ನೋಡುತ್ತಿದ್ದ.

"ನಾ ತಿಂತೀನಿ," ಎಂದೆ. "ಇದರಾಗ ಏನದ, ಯಾರಾದ್ರೂ..."

"ತಡೀರಿ," ಎಂದಳು ರಜಿಯಾ. ಈಗ ಹೈಸ್ಕೂಲಿನ ಹುಡುಗಿ. ತುಟಿಯ ಮೇಲೆ ಸಣ್ಣ ಗೀಟಿನಂಥ ಗಾಯದ ಗುರುತು. ಹತ್ತಿರ ಬಂದು ನನ್ನ ಎರಡೂ ಕೈಗಳನ್ನು ಹಿಡಿದು, ಅಂಗೈ ಮೇಲೆ ಮಾಡಿ, ಮೂಗಿಗೆ ತಂದುಕೊಂಡು ಮೂಸಿದಳು. ಬಲಗೈ. ಎಡಗೈ. ಆಮೇಲೆ ಉಗುರುಗಳು. ಬಿಟ್ಟಳು. ಒಂದು ಎಳೆ ಸೌತೆ ಹರಿದು ನನ್ನ ಅಂಗೈಯಲ್ಲಿಟ್ಟಳು.

ತಿಂದೆ. ಬದನೆಯನ್ನೂ ತಿಂದೆ. ಏನೋ ಹೇಳಲು ಬಾಯಿ ತೆರೆದೆ.

"ಮಾತಾಡಬ್ಯಾಡ," ಎಂದ ಮೆಹಬೂಬ. "ಕುಂದ್ರು. ತಾಸು ಆಗ್ಲಿ."

ಬೇವಿನ ಕೆಳಗೆ ದಫೇದಾರರು ಕೂರುತ್ತಿದ್ದ ಕಲ್ಲಿನ ಮೇಲೆ ಕುಳಿತೆ. ಇಪ್ಪತ್ತು ಮಕ್ಕಳು ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು, ನನ್ನ ಬಾಯಿಂದ ಬುರುಗು ಬರುತ್ತದೆಯೋ ಇಲ್ಲವೋ ಎಂದು ನೋಡತೊಡಗಿದರು.